ತೇಗು: ತಡೆಯಬೇಡಿ, ಎಳೆದು ತರಬೇಡಿ

"ಸಿಸ್ಟರ್, ತೇಗೇ ಬರ್ತಿಲ್ಲ, ಒಂದು ಇಂಜೆಕ್ಷನ್ ಹಾಕಿಬಿಡಿ." ತಾಲ್ಲೂಕು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಷ್ಟು ಕಾಲವೂ ಈ ಮಾತು ಕೇಳಿದ್ದೇನೆ. ಅದೇ ಬೆಂಚಿನ ಆ ತುದಿಯಲ್ಲಿ ಕೂತವರಿಗೆ ತೇಗು ನಿಲ್ಲುತ್ತಿಲ್ಲ ಎಂಬ ಕಷ್ಟ. ಈಗ ನಿವೃತ್ತಿಯಾಗಿ ಊರಲ್ಲಿದ್ದೇನೆ, ಬಾಣಂತಿಯರು, ವಯಸ್ಸಾದವರು ಮನೆಗೇ ಬಂದು ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ತೇಗು ಎಲ್ಲಿಂದ ಬರುತ್ತೆ ಅಂತ ತಿಳಿದುಕೊಳ್ಳಿ. ಅನ್ನ, ನೀರು, ಎಂಜಲು, ಏನೇ ನುಂಗಿದರೂ ಜೊತೆಗೆ ಒಂದಿಷ್ಟು ಗಾಳಿ ಒಳಗೆ ಹೋಗುತ್ತದೆ. ಅದು ಹೊಟ್ಟೆಯ ಮೇಲ್ಭಾಗದಲ್ಲಿ ಸೇರಿಕೊಳ್ಳುತ್ತದೆ. ಹೊಟ್ಟೆ ಬಿಗಿದಾಗ ಅನ್ನನಾಳದ ಕೆಳತುದಿಯ ಉಂಗುರದಂಥ ಸ್ನಾಯು ಸ್ವಲ್ಪ ಹೊತ್ತು ಸಡಿಲವಾಗುತ್ತದೆ, ಗಾಳಿ ಮೇಲೆ ನುಗ್ಗುತ್ತದೆ. ಗಂಟಲ ಹತ್ತಿರ ಇನ್ನೊಂದು ಅಂಥದ್ದೇ ಸ್ನಾಯು ಇದೆ. ಗಾಳಿ ಅದನ್ನು ತೆರೆದುಕೊಂಡು ಬರುವಾಗ ಅದು ಅದುರುವುದೇ 'ಡರ್' ಎಂಬ ಸದ್ದು. ದಿನಕ್ಕೆ 30 ಸಲದವರೆಗೂ ತೇಗು ಬರುವುದು ಮಾಮೂಲಿ.

ಬೇಕೇ ಬೇಕಾ ಅಂದರೆ, ಹೌದು. ಹಟ್ಟಿಯಲ್ಲಿ ದನ ಕಟ್ಟಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಹಸಿ ಅಲಸಂದೆ ಬಳ್ಳಿ ಜಾಸ್ತಿ ಮೇಯ್ದ ಹಸುವಿಗೆ ತೇಗು ನಿಂತರೆ ಎಡಗಡೆ ಪಕ್ಕೆ ಮೇಲೆದ್ದು ಬರುತ್ತದೆ. ತಟ್ಟಿದರೆ ತಮಟೆಯ ಹಾಗೆ ಸದ್ದು. ಪಶುವೈದ್ಯರು ಬೇಗ ಬಂದು ಗಾಳಿ ಬಿಡಿಸದಿದ್ದರೆ ಕೆಲವೇ ಗಂಟೆಯಲ್ಲಿ ಹಸು ಕೈತಪ್ಪಿ ಹೋಗುತ್ತದೆ. ಮನುಷ್ಯರಿಗೆ ಅಷ್ಟು ಅಪಾಯವಿಲ್ಲ, ನಮ್ಮ ಗಾಳಿಗೆ ಕೆಳಗಿನ ದಾರಿಯೂ ಇದೆ. ಆದರೆ ಗಂಟಲ ಸ್ನಾಯು ಸಡಿಲವಾಗದೆ ಹುಟ್ಟಿದಾಗಿನಿಂದ ತೇಗೇ ಬಾರದವರೂ ಇದ್ದಾರೆ. ಎದೆಯಲ್ಲಿ ಗುಳುಗುಳು ಸದ್ದು, ಊಟವಾದ ಮೇಲೆ ಹೊಟ್ಟೆ ಉಬ್ಬಿ ನೋವು. ಅಮೆರಿಕದ ಗಂಟಲು ತಜ್ಞ ರಾಬರ್ಟ್ ಬಾಸ್ಟಿಯನ್ 2019ರಲ್ಲಿ ಇಂಥವರ ಬಗ್ಗೆ ವಿವರವಾಗಿ ಬರೆದರು. ಆ ಸ್ನಾಯುವಿಗೆ ಬೊಟಾಕ್ಸ್ ಎಂಬ, ಸ್ನಾಯು ಸಡಿಲಿಸುವ ಔಷಧ ಚುಚ್ಚುವ ಚಿಕಿತ್ಸೆ ಇದೆ. ಮನೆಯಲ್ಲಿ ಯಾರಾದರೂ "ನನಗೆ ತೇಗು ಅಂದರೇನು ಅಂತಲೇ ಗೊತ್ತಿಲ್ಲ" ಅಂದರೆ ನಗಬೇಡಿ, ಇಎನ್‌ಟಿ ಡಾಕ್ಟರಿಗೆ ತೋರಿಸಿ.

ಊಟವಾಗಿ ಹೊಟ್ಟೆ ಬಿಗಿದಿದೆ, ತೇಗು ಬರುತ್ತಿಲ್ಲ ಅಂದರೆ ತಕ್ಷಣ ಮಲಗಬೇಡಿ. ಅಂಗಾತ ಮಲಗಿದರೆ ಹೊಟ್ಟೆಯ ನೀರು ಅನ್ನನಾಳದ ಬಾಯಿಗೆ ಅಡ್ಡ ಬರುತ್ತದೆ, ಗಾಳಿ ಒಳಗೇ ಉಳಿಯುತ್ತದೆ. ಬೆನ್ನು ನೆಟ್ಟಗೆ ಮಾಡಿ ಕೂತುಕೊಳ್ಳಿ, ಇಲ್ಲವೇ ಅಂಗಳದಲ್ಲಿ ನಿಧಾನವಾಗಿ ನಡೆಯಿರಿ. ಮಲಗಲೇಬೇಕಾದರೆ ಎಡ ಮಗ್ಗುಲಿಗೆ. (ಅಂತರಿಕ್ಷ ಯಾತ್ರಿಗಳಿಗೆ ಈ ಸೌಕರ್ಯವೂ ಇಲ್ಲ. ಅಲ್ಲಿ ಮೇಲೆ ಕೆಳಗೆ ಎಂಬುದಿಲ್ಲವಾದ್ದರಿಂದ ತೇಗಿದರೆ ಊಟವೂ ಜೊತೆಗೆ ಬರುತ್ತದಂತೆ.)

ಗೋಲಿ ಸೋಡಾ ಕುಡಿದು "ಗ್ಯಾಸ್ ಹೋಯ್ತು" ಅನ್ನುವವರಿಗೆ ಒಂದು ಮಾತು. ಆ ತೇಗು ಸೋಡಾದ್ದೇ. ಬಾಟಲಿಯಲ್ಲಿದ್ದ ಕಾರ್ಬನ್ ಡೈಆಕ್ಸೈಡ್ ನಿಮ್ಮ ಹೊಟ್ಟೆಗೆ ಹೋಗಿ ವಾಪಸ್ ಬಂತು, ಅಷ್ಟೇ. ನೀರಿಗೆ ಹಾಕಿದರೆ ಬುಸುಗುಟ್ಟುವ ಪುಡಿಗಳೂ ಹಾಗೆಯೇ. ಹುಳಿಗೆ ಸ್ವಲ್ಪ ಸಮಾಧಾನ ಕೊಡುತ್ತವೆ ನಿಜ, ಆದರೆ ಅವುಗಳಲ್ಲಿ ಸೋಡಿಯಂ ಇರುತ್ತದೆ, ಬಿಪಿ ಇರುವವರು ದಿನಾ ಕುಡಿಯುವುದು ಬೇಡ. ಒಂದು ಲೋಟ ನೀರು ಮಜ್ಜಿಗೆಗೆ ಶುಂಠಿ ಜಜ್ಜಿ ಹಾಕಿ ಕುಡಿಯಿರಿ, ಸಾಕು.

ತೇಗು ಜಾಸ್ತಿ ಅನ್ನುವವರು ಗಾಳಿ ನುಂಗುವುದನ್ನು ಕಮ್ಮಿ ಮಾಡಬೇಕು. ಮುದ್ದೆ ಬಿಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ತುತ್ತು ಸಣ್ಣದಾಗಿ ಮುರಿಯಿರಿ, ಸಾರಿನಲ್ಲಿ ಚೆನ್ನಾಗಿ ಅದ್ದಿ, ಒಂದು ಪೂರ್ತಿ ಇಳಿದ ಮೇಲೆ ಇನ್ನೊಂದು. ಬಿಸಿ ಕಾಫಿಯನ್ನು ಸೊರ್ ಎಂದು ಎಳೆಯಬೇಡಿ, ಆರಲಿ. ಎಲೆ ಅಡಿಕೆ, ಚೂಯಿಂಗ್ ಗಮ್, ಬೀಡಿ ಎಲ್ಲವೂ ಗಾಳಿ ನುಂಗಿಸುತ್ತವೆ. ಕಟ್ಟಿಸಿದ ಹಲ್ಲಿನ ಸೆಟ್ ಸಡಿಲವಾಗಿದ್ದರೂ ಹೀಗಾಗುತ್ತದೆ, ಇದನ್ನು ಯಾರೂ ಯೋಚಿಸುವುದಿಲ್ಲ. ಅಜ್ಜ ಅಜ್ಜಿಯರ ತೇಗಿಗೆ ಗ್ಯಾಸ್ ಮಾತ್ರೆ ತರುವ ಮೊದಲು ಹಲ್ಲಿನ ಸೆಟ್ ನೋಡಿ.

ಇನ್ನು ಸಾಲುಸಾಲಾಗಿ ಬರುವ ತೇಗು. ಕೈ ಒತ್ತಿದರೆ ತೇಗು, ಕಾಲು ಒತ್ತಿದರೆ ತೇಗು, "ವಾಯು ಮೈಯೆಲ್ಲ ಸೇರ್ಕೊಂಡಿದೆ" ಅನ್ನುತ್ತಾರೆ. ಕೈಯಲ್ಲಿ ಗ್ಯಾಸ್ ಇರುವುದಿಲ್ಲ. ಒಬ್ಬ ತೆಂಗಿನ ತೋಟದ ಯಜಮಾನರು ನನ್ನ ಮುಂದೆ ಕೂತು ಒಂದೇ ಸಮನೆ ತೇಗುತ್ತಿದ್ದರು. ಬಿಪಿ ಪಟ್ಟಿ ಕಟ್ಟುತ್ತಾ "ಈ ಸಲ ಕೊಬ್ಬರಿ ರೇಟ್ ಹೇಗಣ್ಣಾ?" ಅಂದೆ. ಅವರು ರೇಟು, ನುಸಿ ರೋಗ, ಕೂಲಿ ಅಂತ ಹೇಳುತ್ತಾ ಹೋದರು. ಅಷ್ಟು ಹೊತ್ತೂ ಒಂದು ತೇಗಿಲ್ಲ. ಮಾತು ನಿಂತ ಕೂಡಲೇ ಗದ್ದ ಸ್ವಲ್ಪ ಮುಂದೆ ಬಂತು, ಗಂಟಲು ಒಮ್ಮೆ ಆಡಿತು, ತೇಗು ಶುರು. ಈ ಗಾಳಿ ಹೊಟ್ಟೆಯವರೆಗೆ ಹೋಗುವುದೇ ಇಲ್ಲ, ಅನ್ನನಾಳಕ್ಕೆ ಎಳೆದದ್ದು ಅಲ್ಲಿಂದಲೇ ಹೊರಬರುತ್ತದೆ. ಬೇಕಂತ ಮಾಡುವುದಲ್ಲ, ಗೊತ್ತಿಲ್ಲದೆ ಅಂಟಿದ ಅಭ್ಯಾಸ. ಮನಸ್ಸಿಗೆ ಚಿಂತೆ ಇದ್ದಾಗ ಜಾಸ್ತಿ, ನಿದ್ದೆಯಲ್ಲಿ ಇಲ್ಲವೇ ಇಲ್ಲ. ಅದಕ್ಕೆ ಅವರನ್ನು ಬೈಯಬೇಡಿ.

ಬಿಡಿಸುವುದು ಹೀಗೆ. ತೇಗು ಬರುವ ಹಾಗೆ ಅನ್ನಿಸಿದಾಗ ಬಾಯಿ ಸ್ವಲ್ಪ ತೆರೆದಿಡಿ. ನಾಲಗೆಯ ತುದಿ ಮೇಲಿನ ಹಲ್ಲಿನ ಹಿಂದೆ ಇರಲಿ. ಹೀಗಿದ್ದರೆ ಗಾಳಿ ನುಂಗುವುದು ಕಷ್ಟ. ಒಂದು ಕೈ ಎದೆ ಮೇಲೆ, ಒಂದು ಕೈ ಹೊಟ್ಟೆ ಮೇಲೆ ಇಟ್ಟು ನಿಧಾನವಾಗಿ ಉಸಿರಾಡಿ. ಹೊಟ್ಟೆ ಮೇಲಿನ ಕೈ ಮಾತ್ರ ಏಳಬೇಕು. ಊಟವಾದ ಮೇಲೆ ದಿನಾ ಮಾಡಿ, ವಾರಗಟ್ಟಲೆ ಬೇಕಾಗುತ್ತದೆ.

ಬಾಣಂತಿಯರಿಗೆ: ಮಗುವನ್ನು ಹೆಗಲಿಗೆ ಹಾಕಿಕೊಂಡು, ಕತ್ತಿಗೆ ಕೈ ಆಸರೆ ಕೊಟ್ಟು, ಬೆನ್ನನ್ನು ಮೆಲ್ಲಗೆ ತಟ್ಟಿ. ತೊಡೆ ಮೇಲೆ ಕೂರಿಸಿಕೊಂಡರೆ ಗದ್ದ ಹಿಡಿಯಿರಿ, ಗಂಟಲು ಒತ್ತಬೇಡಿ. ಕೆಲವು ನಿಮಿಷದಲ್ಲಿ ಬಾರದಿದ್ದರೆ ಬಿಟ್ಟು ಅಂಗಾತ ಮಲಗಿಸಿ. ತೇಗು ಬಾರದೆ ಮಲಗಿಸಬಾರದು ಅಂತ ನಡುರಾತ್ರಿ ಅರ್ಧ ಗಂಟೆ ಮಗುವನ್ನು ತಟ್ಟಿಸುವ ಅತ್ತೆಯಂದಿರಿದ್ದಾರೆ. ಚಂಡೀಗಢದಲ್ಲಿ 71 ತಾಯಿ-ಮಕ್ಕಳನ್ನು ಮೂರು ತಿಂಗಳು ಗಮನಿಸಿ ನೋಡಿದ್ದಾರೆ. ತೇಗು ಬರಿಸಿದ್ದರಿಂದ ಹೊಟ್ಟೆನೋವಿನ ಅಳು ಕಮ್ಮಿಯಾಗಲಿಲ್ಲ, ಹಾಲು ಕಕ್ಕುವುದು ಜಾಸ್ತಿಯಾಯಿತು. ಹಾಗಾಗಿ ಆ ತಾಯಿ ಮಲಗಲಿ ಅಮ್ಮಾ, ಅವಳಿಗೂ ನಿದ್ದೆ ಬೇಕು.

ಮರ್ಯಾದೆಯ ವಿಷಯ. ನಮ್ಮ ಪಂಕ್ತಿಯಲ್ಲಿ ಕೊನೆಗೆ ಮಜ್ಜಿಗೆ ಅನ್ನ ಉಂಡು, ಹಿರಿಯರು ಒಂದು ತೇಗು ತೇಗಿ "ಶಿವಾ" ಅಂದರೆ ಬಡಿಸಿದವಳಿಗೆ ಸಂತೋಷವೇ. ಚರಕ ಸಂಹಿತೆ ಕೂಡ ತಡೆಯಬಾರದ 13 ವೇಗಗಳಲ್ಲಿ, ಅಂದರೆ ಮೈಯ ಸಹಜ ಒತ್ತಡಗಳಲ್ಲಿ, ತೇಗನ್ನು ಸೇರಿಸಿದೆ. ನನ್ನ ಪ್ರಕಾರ ತೇಗುವುದು ತಪ್ಪಲ್ಲ, ಪಕ್ಕದವರ ಮುಖಕ್ಕೆ ತೇಗುವುದು ತಪ್ಪು. ಬಾಯಿ ಮುಚ್ಚಿ, ತಲೆ ಪಕ್ಕಕ್ಕೆ ತಿರುಗಿಸಿ, ಎಡಗೈ ಅಥವಾ ಟವೆಲ್ ಅಡ್ಡ ಹಿಡಿದು, ಮೂಗಿನಿಂದ ನಿಧಾನವಾಗಿ ಬಿಡಿ. ಸದ್ದು ಅರ್ಧಕ್ಕರ್ಧ ಇಳಿಯುತ್ತದೆ. ಆಫೀಸು, ಹೋಟೆಲ್, ಬಸ್ಸು, ಎಲ್ಲ ಕಡೆಯೂ ಇದು ನಡೆಯುತ್ತದೆ. ಬಸುರಿಯರಿಗೆ ತೇಗು ಜಾಸ್ತಿ, ಮೈಯ ಬದಲಾವಣೆಯಿಂದ ಅನ್ನನಾಳದ ಕೆಳತುದಿಯ ಸ್ನಾಯು ಸಡಿಲವಾಗಿರುತ್ತದೆ. ಅವರನ್ನು ನೋಡಿ ಮುಖ ಸಿಂಡರಿಸಬೇಡಿ.

ರಾತ್ರಿ ಹುಳಿ ತೇಗು ಬಂದು ಎದೆ ಉರಿದರೆ ಮಲಗುವುದಕ್ಕೆ ಎರಡು ಮೂರು ಗಂಟೆ ಮೊದಲೇ ಊಟ ಮುಗಿಸಿ. ತೇಗಿನ ಜೊತೆ ತೂಕ ಇಳಿಯುವುದು, ಅನ್ನ ಗಂಟಲಲ್ಲಿ ಸಿಕ್ಕಿಕೊಳ್ಳುವುದು, ಮಲ ಕಪ್ಪಗಾಗುವುದು, ಇವುಗಳಲ್ಲಿ ಒಂದಿದ್ದರೂ ಡಾಕ್ಟರ ಹತ್ತಿರ ಹೋಗಿ.

ಒಂದು ವಿಷಯದಲ್ಲಿ ಮಾತ್ರ ಕಾಯಲೇಬೇಡಿ. ಎದೆಯಲ್ಲೋ ಹೊಟ್ಟೆಯ ಮೇಲ್ಭಾಗದಲ್ಲೋ ಒತ್ತಿದ ಹಾಗೆ ನೋವು, ತಣ್ಣನೆ ಬೆವರು, ಉಸಿರು ಕಟ್ಟುವುದು, ನೋವು ಕೈಗೋ ದವಡೆಗೋ ಹರಿಯುವುದು, ಇದ್ದರೆ ಅದು 'ಗ್ಯಾಸ್ಟ್ರಿಕ್' ಅಲ್ಲದೆ ಹೃದಯಾಘಾತ ಇರಬಹುದು. ಅದರಲ್ಲೂ ತೇಗು ಬರುತ್ತದೆ, ಸೋಡಾ ಕುಡಿದರೆ ಸ್ವಲ್ಪ ಹಗುರವೂ ಅನ್ನಿಸುತ್ತದೆ. ಅದನ್ನು ನಂಬಿ ಬೆಳಗಾಗಲಿ ಅಂತ ಕಾದವರನ್ನು ನಾನು ನೋಡಿದ್ದೇನೆ. ಸಕ್ಕರೆ ಕಾಯಿಲೆಯವರಿಗೆ ನೋವೇ ಗೊತ್ತಾಗದೆ ಬರೀ ಬೆವರು, ಸುಸ್ತು ಇರಬಹುದು. ತಕ್ಷಣ 108ಕ್ಕೆ ಫೋನ್ ಮಾಡಿ, ಇಸಿಜಿ ಮಾಡಿಸಿ. 2023ರಲ್ಲಿ ಶುರುವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ಬೇಕಾದರೆ ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಉಚಿತವಾಗಿ ಕೊಡುತ್ತಾರೆ. ಬೈಕಿನಲ್ಲಿ ಒಬ್ಬರೇ ಹೊರಡಬೇಡಿ, ಯಾರನ್ನಾದರೂ ಜೊತೆಗೆ ಕರೆದುಕೊಳ್ಳಿ.