ವಿಕಲಚೇತನ ಮಕ್ಕಳಿಗೆ ಸಂಗೀತ ಹೇಳಿಕೊಡುವವರಿಗೆ

ದಾವಣಗೆರೆಯಲ್ಲಿ ಸಂಗೀತದ ಮನೆಪಾಠ ಅಂದರೆ ಸಾಮಾನ್ಯವಾಗಿ ಮಹಡಿ ಮೇಲಿನ ರೂಮು, ಕಿರಿದಾದ ಮೆಟ್ಟಿಲು, ನೆಲಕ್ಕೊಂದು ಜಮಖಾನೆ. ಮೊದಲು ಬದಲಿಸಬೇಕಾದ್ದು ಇದನ್ನೇ. ವೀಲ್‌ಚೇರ್‌ನಲ್ಲಿ ಬರುವ ಮಗುವಿಗೆ ಕೆಳಗಿನ ಹಾಲ್‌ನಲ್ಲಿ ಪಾಠ ಮಾಡಿ. ಅವರಪ್ಪ ಎತ್ತಿಕೊಂಡು ಬರ್ತಾರೆ ಬಿಡಿ ಅನ್ನಬೇಡಿ, ಹನ್ನೆರಡು ಹದಿಮೂರು ವರ್ಷದ ಹುಡುಗಿಗೆ ಅದು ಎಷ್ಟು ಮುಜುಗರ ಅಲ್ವಾ? ಮಗು ಕುರ್ಚಿಯಲ್ಲಿ ಕೂತರೆ ನೀವೂ ಕುರ್ಚಿಯಲ್ಲೇ ಕೂತುಕೊಳ್ಳಿ. ಚಕ್ಕಳಮಕ್ಕಳ ಹಾಕಿಯೇ ಹಾಡಬೇಕು ಅಂತ ಯಾವ ರಾಗವೂ ಕೇಳಿಲ್ಲ.

ಇನ್ನೊಂದು. ಶ್ರುತಿ, ಲಯದ ವಿಷಯದಲ್ಲಿ ರಿಯಾಯಿತಿ ಕೊಡಬೇಡಿ. "ಪಾಪ, ಇಷ್ಟು ಬಂದರೆ ಸಾಕು" ಅನ್ನುವುದು ಮಕ್ಕಳಿಗೆ ತಕ್ಷಣ ಗೊತ್ತಾಗುತ್ತದೆ. ಬದಲಿಸಬೇಕಾದ್ದು ಹೇಳಿಕೊಡುವ ರೀತಿ ಮಾತ್ರ.

ಕಣ್ಣು ಕಾಣದ ಮಕ್ಕಳ ಬಗ್ಗೆ ನಮ್ಮ ಕಡೆಯವರಿಗೆ ಜಾಸ್ತಿ ಹೇಳಬೇಕಿಲ್ಲ. ಗದಗಿನ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಇಬ್ಬರೂ ಕಣ್ಣಿಲ್ಲದೆಯೇ ಎಷ್ಟೋ ಜನರನ್ನು ತಯಾರು ಮಾಡಿದವರು. ಆದರೆ "ಇಲ್ಲಿ ನೋಡು, ಹೀಗೆ" ಅನ್ನುವ ಅಭ್ಯಾಸ ನಮಗೆ ಬಿಡುವುದಿಲ್ಲ. ಬಾಯಿಬಿಟ್ಟು ಹೇಳಿ. ಹಾರ್ಮೋನಿಯಂನಲ್ಲಿ ಕಪ್ಪು ಮನೆಗಳು ಎರಡು ಒಟ್ಟಿಗೆ, ಮೂರು ಒಟ್ಟಿಗೆ ಇರುತ್ತವೆ, ಅದನ್ನು ಸವರಿ ಗುರುತು ಹಿಡಿಯಲು ಬಿಟ್ಟರೆ ಸ್ವರಗಳ ಜಾಗ ತಾನಾಗಿ ಸಿಗುತ್ತದೆ. ಮಗುವಿನ ಬೆರಳು ಹಿಡಿಯುವ ಮುಂಚೆ ಒಂದು ಮಾತು ಕೇಳಿ. ಮನೆಗೆ ಕಳಿಸುವ ವಾಟ್ಸಾಪ್ ರೆಕಾರ್ಡಿಂಗ್ ಒಂದೊಂದು ಸಾಲಿನದಿರಲಿ, ಇಡೀ ಹಾಡು ಬೇಡ.

ಕೈ ಸ್ವಾಧೀನ ಇಲ್ಲದಿದ್ದರೆ ಸ್ವಲ್ಪ ಯೋಚಿಸಬೇಕು. ಹಾರ್ಮೋನಿಯಂಗೆ ಒಂದು ಕೈ ಗಾಳಿ ಹಾಕಲು, ಒಂದು ಕೈ ನುಡಿಸಲು ಬೇಕು. ಒಂದೇ ಕೈ ಆಡುವ ಮಗುವಿಗೆ ಅಕ್ಕನೋ ತಮ್ಮನೋ ಪಕ್ಕದಲ್ಲಿ ಕೂತು ಗಾಳಿ ಹಾಕಬಹುದು, ಇಲ್ಲವೇ ಕೀಬೋರ್ಡ್ ಕೊಡಿ, ಅದಕ್ಕೆ ಗಾಳಿಯೇ ಬೇಡ. ವಾದ್ಯ ಬಾರಿಸುವ ಕೋಲು ಹಿಡಿಯಲು ಆಗದಿದ್ದರೆ ಅದರ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿ. ತಾಳಕ್ಕೂ ದಾರಿ ಇದೆ. ಆದಿತಾಳದ 8 ಅಕ್ಷರಗಳಲ್ಲಿ 1, 5, 7ಕ್ಕೆ ತಟ್ಟು ಬೀಳುತ್ತದೆ. ಬೆರಳು ಎಣಿಸಲು ಬಾರದ ಮಗು ಆ ಮೂರು ಕಡೆ ತೊಡೆ ತಟ್ಟಲಿ, ಕಾಲು ಕುಟ್ಟಲಿ, ತಲೆಯನ್ನಾದರೂ ಆಡಿಸಲಿ. ತಾಳ ತಪ್ಪಬಾರದು ಅಷ್ಟೇ. ಉಸಿರು ಸಾಲದ ಮಗುವಿಗೆ ಸರಳೆಯ (ಮೊದಲು ಕಲಿಸುವ ಸ್ವರಗಳ ಅಭ್ಯಾಸ) ಸಾಲನ್ನು ಎರಡು ತುಂಡು ಮಾಡಿ, ಎರಡನೇ ಕಾಲಕ್ಕೆ, ಅಂದರೆ ಎರಡರಷ್ಟು ವೇಗಕ್ಕೆ, ಅವಸರಪಡಬೇಡಿ.

ಕಿವಿ ಮಂದ ಇರುವವರಿಗೆ ಸಂಗೀತ ಯಾಕೆ ಅನ್ನುವವರೇ ಜಾಸ್ತಿ. ಶ್ರವಣ ಸಾಧನಗಳನ್ನು ಮುಖ್ಯವಾಗಿ ಮಾತು ಕೇಳಿಸಲು ಅಂತ ಹೊಂದಿಸಿರುತ್ತಾರೆ, ಹಾಗಾಗಿ ಸಂಗೀತ ಅದರಲ್ಲಿ ವಿಚಿತ್ರವಾಗಿ ಕೇಳಬಹುದು. ಸಂಗೀತಕ್ಕೆ ಬೇರೆ ಸೆಟ್ಟಿಂಗ್ ಮಾಡಿಕೊಡಲು ಆಗುತ್ತದಾ ಅಂತ ಕಿವಿ ಪರೀಕ್ಷೆ ಮಾಡುವವರ ಹತ್ತಿರ ಕೇಳಲು ತಾಯ್ತಂದೆಗೆ ಹೇಳಿ. ಕಾಕ್ಲಿಯರ್ ಇಂಪ್ಲಾಂಟ್ (ಆಪರೇಷನ್ ಮಾಡಿ ಒಳಕಿವಿಗೆ ಅಳವಡಿಸುವ ಸಾಧನ) ಇರುವವರಿಗೆ ಸಾಮಾನ್ಯವಾಗಿ ಲಯ ಚೆನ್ನಾಗಿ ಸಿಗುತ್ತದೆ, ಸ್ವರಗಳ ವ್ಯತ್ಯಾಸ ಹಿಡಿಯುವುದು ಕಷ್ಟ. ಅದಕ್ಕೇ ಸರಳೆಗಿಂತ ಮೊದಲು ತಾಳದಿಂದ ಶುರು ಮಾಡಿ. ತಬಲಾ ಜೋಡಿಯಲ್ಲಿ ದಪ್ಪ ದನಿಯ ಡಗ್ಗದ ಮೇಲೆ ಅಂಗೈ ಇಡಿಸಿ. ಚಿತ್ರದುರ್ಗದ ಕಡೆ ಹಳ್ಳಿಯಲ್ಲಿದ್ದರೆ ಉರುಮೆ ಬಾರಿಸುವವರ ಪಕ್ಕ ಒಮ್ಮೆ ನಿಲ್ಲಿಸಿ, ಆ ಗುಂಯ್‌ಗುಡುವ ನಾದ ಎದೆಗೇ ತಾಗುತ್ತದೆ. ನಿಮ್ಮ ತುಟಿ ಕಾಣುವಂತೆ ಬೆಳಕಿಗೆ ಮುಖ ಮಾಡಿ ಕೂತುಕೊಳ್ಳಿ. ಫ್ಯಾನಿನ ಸದ್ದೂ ತೊಂದರೆಯೇ, ಆದರೆ ಏಪ್ರಿಲ್‌ನಲ್ಲಿ ದಾವಣಗೆರೆಯಲ್ಲಿ ಫ್ಯಾನ್ ಆಫ್ ಮಾಡಿ ಕೂರುವುದು ಶಿಕ್ಷೆ, ಬೇಸಿಗೆಯಲ್ಲಿ ಬೆಳಗ್ಗೆ 7ಕ್ಕೇ ಪಾಠ ಇಟ್ಟುಕೊಳ್ಳಿ.

ಆಟಿಸಂ ಇರುವ ಕೆಲವು ಮಕ್ಕಳಿಗೆ ಶ್ರುತಿಪೆಟ್ಟಿಗೆಯ ಸದ್ದೇ ಸಹಿಸಲು ಆಗುವುದಿಲ್ಲ. ಸಣ್ಣದಾಗಿ ಇಡಿ, ದೂರ ಇಡಿ. ಕಿವಿ ಮುಚ್ಚಿಕೊಂಡರೆ ನಿಲ್ಲಿಸಿ, ಅದು ಹಠ ಅಲ್ಲ. ದಿನಾ ಒಂದೇ ಕ್ರಮದಲ್ಲಿ ಪಾಠ ನಡೆಯಲಿ, ಆ ಕ್ರಮವನ್ನು ಚಿತ್ರದ ಚೀಟಿಗಳಲ್ಲಿ ಗೋಡೆಗೆ ಅಂಟಿಸಿ. ಒಂದೇ ವಚನ ಬೇಕು ಅಂತ ಹಿಡಿದು ಕೂತರೆ ಒಳ್ಳೆಯದೇ ಆಯಿತು, ಅದನ್ನೇ ನಿಧಾನಕ್ಕೆ, ಆಮೇಲೆ ಬೇಗ, ಆಮೇಲೆ ಬೇರೆ ಶ್ರುತಿಗೆ ಹಾಡಿಸಿ. ಓದುಬರಹ ಕಷ್ಟ ಇರುವವರಿಗೆ ಪುಸ್ತಕ ಪಕ್ಕಕ್ಕಿಟ್ಟು ಕೇಳಿ ಕಲಿಸಿ.

ಗಣೇಶನ ಪೆಂಡಾಲಿನಲ್ಲೋ ಶಾಲೆಯ ವಾರ್ಷಿಕೋತ್ಸವದಲ್ಲೋ ಹಾಡಿಸುವುದಾದರೆ ವೇದಿಕೆಗೆ ಮೆಟ್ಟಿಲು ಎಷ್ಟು, ಸ್ಪೀಕರ್ ಎಲ್ಲಿಡುತ್ತಾರೆ ಅಂತ ಮೊದಲೇ ವಿಚಾರಿಸಿ. ವೀಲ್‌ಚೇರ್ ಮೇಲೆ ಹತ್ತದಿದ್ದರೆ ಇಡೀ ತಂಡವನ್ನೇ ಕೆಳಗೆ ಕೂರಿಸಿ. ನಿರೂಪಣೆ ಮಾಡುವವರಿಗೆ ಮಗುವಿನ ಹೆಸರು, ಹಾಡಿನ ಹೆಸರು ಎರಡೇ ಬರೆದುಕೊಡಿ. ಮಗುವಿನ ಕಷ್ಟದ ಬಗ್ಗೆ ಮೈಕಿನಲ್ಲಿ ಭಾಷಣ ಬೇಡ ಅಂತಲೂ ಹೇಳಿಬಿಡಿ.