ಎಂ3–ಜಿಡಿಪಿ ಅನುಪಾತ: ಭಾರತದ ಲೆಕ್ಕ ಹಾಕುವುದು ಹೇಗೆ?

ದೇಶದ ಆರ್ಥಿಕತೆಯ ಗಾತ್ರಕ್ಕೆ ಹೋಲಿಸಿದರೆ ಹಣ ಎಷ್ಟಿದೆ ಎಂದು ಹೇಳುವ ಈ ಅನುಪಾತಕ್ಕೆ ಬೇಕಾಗುವುದು ಎರಡೇ ಅಂಕಿ: ದೇಶದ ಹಣದ ಪೂರೈಕೆ (ಎಂ3), ಒಂದು ವರ್ಷದ ಜಿಡಿಪಿ (ಒಟ್ಟು ದೇಶೀಯ ಉತ್ಪನ್ನ). ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ 100ರಿಂದ ಗುಣಿಸಿ. ಎಡವಟ್ಟಾಗುವುದು ಭಾಗಾಕಾರದಲ್ಲಲ್ಲ, ಅಂಕಿ ಆರಿಸುವಾಗ.

ರಿಸರ್ವ್ ಬ್ಯಾಂಕಿನ ಜಾಲತಾಣದಲ್ಲಿ ಹದಿನೈದು ದಿನಕ್ಕೊಮ್ಮೆ ಹಣ ಪೂರೈಕೆಯ ಪಟ್ಟಿ ಬರುತ್ತದೆ. ಅದರಲ್ಲಿ ಎಂ3 ಸಾಲು ನೋಡಿ; ಎಂ0 ಎಂದರೆ ಮೀಸಲು ಹಣ (ಮುಖ್ಯವಾಗಿ ಚಲಾವಣೆಯ ನಗದು ಮತ್ತು ಬ್ಯಾಂಕುಗಳು ರಿಸರ್ವ್ ಬ್ಯಾಂಕಿನಲ್ಲಿಟ್ಟ ಠೇವಣಿ), ಅದು ಬೇರೆಯೇ ಲೆಕ್ಕ. ಜನರ ಕೈಯಲ್ಲಿರುವ ನೋಟು-ನಾಣ್ಯ, ಬ್ಯಾಂಕುಗಳ ಚಾಲ್ತಿ ಮತ್ತು ಉಳಿತಾಯ ಖಾತೆಗಳ ಹಣ, ಎಫ್‌ಡಿ, ರಿಸರ್ವ್ ಬ್ಯಾಂಕಿನಲ್ಲಿರುವ ಇತರೆ ಠೇವಣಿ ಇವಿಷ್ಟೂ ಸೇರಿ ಎಂ3. ಬ್ಯಾಂಕಿನ ತಿಜೋರಿಯಲ್ಲಿರುವ ನಗದು, ಬ್ಯಾಂಕುಗಳು ಪರಸ್ಪರ ಇಟ್ಟ ಠೇವಣಿ, ಅಂಚೆ ಕಚೇರಿಯ ಉಳಿತಾಯ, ಮ್ಯೂಚುವಲ್ ಫಂಡ್ ಇದರಲ್ಲಿಲ್ಲ. ಪಟ್ಟಿಯ ಅಂಕಿ ಕೋಟಿ ರೂಪಾಯಿಗಳಲ್ಲಿರುತ್ತದೆ. ಅದನ್ನು 1,00,000ದಿಂದ ಭಾಗಿಸಿ ಲಕ್ಷ ಕೋಟಿಗೆ ತಂದುಕೊಂಡರೆ ಸೊನ್ನೆ ಎಣಿಸುವ ಗೋಳು ತಪ್ಪುತ್ತದೆ.

ಜಿಡಿಪಿ ಸಿಗುವುದು ಕೇಂದ್ರದ ಸಾಂಖ್ಯಿಕ ಸಚಿವಾಲಯದಲ್ಲಿ. ಪ್ರಚಲಿತ ಬೆಲೆಗಳ, ಅಂದರೆ ಆಯಾ ವರ್ಷದ ಬೆಲೆಯಲ್ಲೇ ಲೆಕ್ಕ ಹಾಕಿದ, ಅಂಕಿಯನ್ನೇ ತೆಗೆದುಕೊಳ್ಳಿ. 2022-23ರಲ್ಲಿ ಅದು ಸುಮಾರು 269 ಲಕ್ಷ ಕೋಟಿ (2011-12ರ ಆಧಾರ ವರ್ಷದ ಸರಣಿ). ಮಾರ್ಚ್ 2023ರ ಕೊನೆಗೆ ಎಂ3 ಸುಮಾರು 223 ಲಕ್ಷ ಕೋಟಿ. ಅನುಪಾತ ಶೇ 83. ಪಕ್ಕದ ಕಾಲಂನ ಸ್ಥಿರ ಬೆಲೆಯ (ಬೆಲೆ ಏರಿಕೆಯನ್ನು ಕಳೆದ) ಜಿಡಿಪಿ, ಅಂದರೆ ಸುಮಾರು 160 ಲಕ್ಷ ಕೋಟಿ, ಕೈಗೆ ಸಿಕ್ಕಿತೋ, ಉತ್ತರ ಶೇ 139 ಆಗುತ್ತದೆ! ಎಂ3 ಇಂದಿನ ರೂಪಾಯಿ, ಸ್ಥಿರ ಬೆಲೆ 2011-12ರ ರೂಪಾಯಿ, ಎರಡಕ್ಕೂ ತಾಳೆಯಾಗದು. ಒಂದೇ ತ್ರೈಮಾಸಿಕದ ಜಿಡಿಪಿ ಹಾಕಿದರಂತೂ ಉತ್ತರ ನಾಲ್ಕು ಪಟ್ಟಾಗುತ್ತದೆ. ವರ್ಷದ ನಡುವೆ ಲೆಕ್ಕ ಬೇಕಿದ್ದರೆ ಹಿಂದಿನ ನಾಲ್ಕು ತ್ರೈಮಾಸಿಕಗಳನ್ನು ಕೂಡಿ.

ಇನ್ನೊಂದು ಸೂಕ್ಷ್ಮವಿದೆ. ಜಿಡಿಪಿ ಇಡೀ ವರ್ಷದ ಹರಿವು, ಎಂ3 ಒಂದು ದಿನದ ದಾಸ್ತಾನು. ಹಾಗಾಗಿ ಕೆಲವರು ಎರಡು ಮಾರ್ಚ್‌ಗಳ ಸರಾಸರಿ ಹಿಡಿಯುತ್ತಾರೆ: ಮಾರ್ಚ್ 2022ರ ಸುಮಾರು 205 ಮತ್ತು 223ರ ಸರಾಸರಿ 214, ಅನುಪಾತ ಶೇ 80ರ ಹತ್ತಿರ. ಯಾವುದಾದರೂ ಸರಿ, ಆದರೆ ಒಂದು ವರ್ಷಕ್ಕೆ ಒಂದು ವಿಧಾನ, ಮತ್ತೊಂದು ವರ್ಷಕ್ಕೆ ಇನ್ನೊಂದು ಎಂದು ಬೆರೆಸಬೇಡಿ.

ಅನುಪಾತ ಏರಿದರೆ ಬ್ಯಾಂಕಿಂಗ್ ಹೆಚ್ಚು ಜನರಿಗೆ ಹರಡಿತು ಎಂದು ಓದುವವರಿದ್ದಾರೆ; ಆದರೆ ಮೊದಲು ನೋಡಬೇಕಾದ್ದು ಭಾಗಾಕಾರದ ಕೆಳಗಿನ ಅಂಕಿಯನ್ನು, ಅಂದರೆ ಜಿಡಿಪಿಯನ್ನು. 2020-21ರಲ್ಲಿ ಅನುಪಾತ ಶೇ 83-84ರಿಂದ 95ಕ್ಕೆ ಜಿಗಿಯಿತು. ಎಂ3 ಶೇ 12ರಷ್ಟು ಬೆಳೆದು 188 ಲಕ್ಷ ಕೋಟಿಯಾದದ್ದು ನಿಜ; ಅಂಥ ಬೆಳವಣಿಗೆ ನಮ್ಮಲ್ಲಿ ಹೊಸದೇನಲ್ಲ. ಲಾಕ್‌ಡೌನ್‌ನಿಂದ ಜಿಡಿಪಿ ಎಂದಿನಂತೆ ಬೆಳೆಯುವ ಬದಲು ಸುಮಾರು 198 ಲಕ್ಷ ಕೋಟಿಗೆ ಕುಗ್ಗಿದ್ದೇ ದೊಡ್ಡ ಕಾರಣ. ಇದನ್ನು ‘ಬ್ಯಾಂಕಿಂಗ್ ಹಳ್ಳಿಗಳಿಗೆ ತಲುಪಿತು’ ಎಂದು ಓದಿದರೆ ತಪ್ಪು.

ನಗದಿನ ಅನುಪಾತವನ್ನೂ ಇದರೊಂದಿಗೆ ಬೆರೆಸಬಾರದು. 2016ರ ನವೆಂಬರ್ 8ರ ನೋಟು ರದ್ದತಿಯ ಬಳಿಕ ಚಲಾವಣೆಯ ನಗದು ಜಿಡಿಪಿಯ ಶೇ 12ರಿಂದ ಮಾರ್ಚ್ 2017ಕ್ಕೆ ಸುಮಾರು ಶೇ 9ಕ್ಕೆ ಬಿತ್ತು. ಎಂ3 ಹಾಗೆ ಕುಸಿಯಲಿಲ್ಲ, ಏಕೆಂದರೆ ಜೇಬಿನ ನೋಟು ಖಾತೆಯ ಠೇವಣಿಯಾಗಿ ಅದೇ ಮೊತ್ತದೊಳಗೆ ಉಳಿಯಿತು.

2023ರ ಜುಲೈ ನಂತರದ ಅಂಕಿಗಳಲ್ಲಿ ಅಡಿಟಿಪ್ಪಣಿ ಓದಿ. ಆ ತಿಂಗಳ 1ರಂದು ಗೃಹಸಾಲ ಸಂಸ್ಥೆಯಾದ ಎಚ್‌ಡಿಎಫ್‌ಸಿ ಲಿಮಿಟೆಡ್ ಎಚ್‌ಡಿಎಫ್‌ಸಿ ಬ್ಯಾಂಕಿನಲ್ಲಿ ವಿಲೀನವಾಗಿ, ಅದರ ಠೇವಣಿಗಳು ಬ್ಯಾಂಕ್ ಠೇವಣಿಗಳಾದವು. ವಿಲೀನ ಸೇರಿಸಿದ್ದು, ಬಿಟ್ಟದ್ದು ಎಂದು ರಿಸರ್ವ್ ಬ್ಯಾಂಕ್ ಎರಡು ಬಗೆಯ ಬೆಳವಣಿಗೆ ದರ ಕೊಟ್ಟಿದೆ. ಹಳೆಯ ವರ್ಷಕ್ಕೆ ಹೋಲಿಸುವಾಗ ಬಿಟ್ಟದ್ದನ್ನೇ ಬಳಸಿ.