ನಿಮ್ಮ ಹೈಸ್ಕೂಲಿನ ಹಳೆ ದಿನಗಳನ್ನು ಬರೆದಿಡುವುದು ಹೇಗೆ

ಊರಿನ ಹೈಸ್ಕೂಲಿಗೆ ಐವತ್ತೋ ಎಪ್ಪತ್ತೈದೋ ನೂರೋ ತುಂಬಿದಾಗ ಒಂದು ಸ್ಮರಣ ಸಂಚಿಕೆ ಬರುತ್ತದೆ, ಅಲ್ವಾ. ಶಾಸಕರ ಸಂದೇಶ, ಹೆಡ್‌ಮಾಷ್ಟ್ರುಗಳ ಪಟ್ಟಿ, ದಾನಿಗಳ ಫೋಟೋ, ರ್‍ಯಾಂಕ್ ಬಂದವರ ಹೆಸರು, ಜಾಹೀರಾತು. ಇವೆಲ್ಲ ಇರಲಿ, ಬೇಕು. ಆದರೆ 1962ರಲ್ಲಿ ಆ ಶಾಲೆಗೆ ಬರುತ್ತಿದ್ದ ಹುಡುಗಿ ಮಧ್ಯಾಹ್ನ ಎಲ್ಲಿ ಕೂತು ಬುತ್ತಿ ಬಿಚ್ಚುತ್ತಿದ್ದಳು, ಬುತ್ತಿ ಇಲ್ಲದ ದಿನ ಏನು ಮಾಡುತ್ತಿದ್ದಳು ಅಂತ ಕೇಳಿದರೆ ಆ ಪುಸ್ತಕದಲ್ಲಿ ಉತ್ತರ ಇರುವುದಿಲ್ಲ. ನನಗೆ ಬೇಕಾದದ್ದು ಆ ಉತ್ತರ. ಉಡುಪಿ ಹತ್ತಿರದ ನಮ್ಮ ಹೈಸ್ಕೂಲಿನಲ್ಲಿ ಓದಿದ ನಾವು ಆರು ಜನ ಸೇರಿ ಎರಡು ವರ್ಷ ಇದೇ ಕೆಲಸ ಮಾಡಿದೆವು. ಅದರಿಂದ ಕಲಿತದ್ದನ್ನು ಹೇಳುತ್ತೇನೆ.

ಮೊದಲು ಹೋಗಬೇಕಾದದ್ದು ವಯಸ್ಸಾದವರ ಮನೆಗೆ. ಸಮಿತಿ, ಲೆಟರ್‌ಹೆಡ್, ಉದ್ಘಾಟನೆಗೆ ಯಾರನ್ನು ಕರೆಯುವುದು, ಇದೆಲ್ಲ ಆಮೇಲೆ. ನಾವು ಹಾಗೆ ಮಾಡಲಿಲ್ಲ. ನಮ್ಮ ಡ್ರಿಲ್ ಮಾಷ್ಟ್ರಿಗೆ ಆಗ ಎಂಬತ್ತೊಂಬತ್ತು. ಮಳೆ ಕಳೆಯಲಿ, ನವರಾತ್ರಿ ಆದ ಮೇಲೆ ಹೋಗೋಣ ಅಂತ ಕೂತೆವು. ಚೌತಿಗೆ ಒಂದು ವಾರ ಇರುವಾಗ ಅವರು ತೀರಿಕೊಂಡರು. ಗುಡ್ಡೆ ತಗ್ಗಿಸಿ ಮೈದಾನ ಮಾಡಿದ ಶ್ರಮದಾನದಲ್ಲಿ ಯಾರ್‍ಯಾರು ಮಣ್ಣು ಹೊತ್ತರು ಅಂತ ಪೂರ್ತಿ ಗೊತ್ತಿದ್ದವರು ಅವರೊಬ್ಬರೇ. ಅದು ಇವತ್ತಿಗೂ ನನಗೆ ನೋವು. ಹಾಗಾಗಿ ಇವತ್ತೇ ಒಂದು ಕಾಗದ ತೆಗೆದುಕೊಂಡು ಹೆಸರುಗಳನ್ನು ವಯಸ್ಸಿನ ಪ್ರಕಾರ ಬರೆಯಿರಿ. ದೊಡ್ಡ ಹುದ್ದೆಗೆ ಹೋದವರು ಮೇಲೆ, ಉಳಿದವರು ಕೆಳಗೆ, ಹಾಗಲ್ಲ. ಬೆಲ್ಲು ಹೊಡೆಯುತ್ತಿದ್ದ ಪಿಯೋನ್, ಗುಮಾಸ್ತರು, ಗೇಟಿನ ಹತ್ತಿರ ಪೆಪ್ಪರ್‌ಮಿಂಟು ಮಾರುತ್ತಿದ್ದ ಅಂಗಡಿಯವರು, ಇವರೂ ಆ ಪಟ್ಟಿಯಲ್ಲಿರಲಿ. ಶಾಲೆಯ ಬಗ್ಗೆ ಪಿಯೋನ್‌ಗೆ ಗೊತ್ತಿರುವಷ್ಟು ಹೆಡ್‌ಮಾಷ್ಟ್ರಿಗೆ ಗೊತ್ತಿರುವುದಿಲ್ಲ, ಯಾಕೆಂದರೆ ಹೆಡ್‌ಮಾಷ್ಟ್ರು ಮೂರು ವರ್ಷಕ್ಕೆ ವರ್ಗ ಆಗಿ ಹೋಗುತ್ತಾರೆ.

ಮಾತು ರೆಕಾರ್ಡ್ ಮಾಡುವ ಕೆಲಸವನ್ನು ನವೆಂಬರ್‌ನಿಂದ ಮೇ ಒಳಗೆ ಮುಗಿಸಿ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್‌ಗಿಂತ ಜಾಸ್ತಿ ಮಳೆ. ಹಂಚಿನ ಮಾಡಿನ ಮೇಲೆ ಅದು ಸುರಿಯುವಾಗ ಫೋನಿನಲ್ಲಿ ಮಳೆಯ ಸದ್ದು ಬಿಟ್ಟು ಬೇರೇನೂ ಇರುವುದಿಲ್ಲ. ಆದರೆ ತುಂಬ ವಯಸ್ಸಾದವರಿಗೆ ಈ ನಿಯಮ ಇಲ್ಲ. ಅವರಿಗೆ ಮಳೆಯಲ್ಲೇ ಹೋಗಿ, ಹತ್ತಿರ ಕೂತು, ಕೈಯಲ್ಲಿ ಬರೆದುಕೊಳ್ಳಿ.

ಶಾಲೆಯಲ್ಲಿ ಕೇಳಬೇಕಾದದ್ದು ಅಡ್ಮಿಶನ್ ರಿಜಿಸ್ಟರ್. ಹೆಡ್‌ಮಾಷ್ಟ್ರಿಗೆ ಒಂದು ಅರ್ಜಿ ಕೊಟ್ಟು, ಅವರ ಆಫೀಸಿನಲ್ಲೇ ಕೂತು ನೋಡಿ. ಮನೆಗೆ ತರಬೇಡಿ, ಕೊಟ್ಟರೂ ತರಬೇಡಿ. ಅದರಲ್ಲಿ ಜಾತಿ, ಹುಟ್ಟಿದ ತಾರೀಕು, ಅಪ್ಪನ ಕಸುಬು ಎಲ್ಲ ಇರುತ್ತದೆ. ಅದನ್ನು ಹೆಸರಿನ ಜೊತೆ ಎಲ್ಲೂ ಹಾಕಬಾರದು. ನೋಡಬೇಕಾದದ್ದು ಬೇರೆ: ಯಾವ್ಯಾವ ಊರಿನಿಂದ ಮಕ್ಕಳು ಬರುತ್ತಿದ್ದರು, ಹುಡುಗಿಯರು ಯಾವ ವರ್ಷದಿಂದ ಕಾಣಿಸುತ್ತಾರೆ, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ, ಶಾಲೆ ಬಿಟ್ಟ ತಾರೀಕಿನ ಕಾಲಂ. ಹೆಚ್ಚಿನವರು ಸೇರಿದ ತಾರೀಕು ನೋಡಿ ಪುಟ ತಿರುಗಿಸುತ್ತಾರೆ. ಜೂನ್‌ನಲ್ಲಿ ಬರೆದ ಹೆಸರು ಆಗಸ್ಟ್‌ನಲ್ಲಿ ಇಲ್ಲ. ಯಾಕೆ? ಆ ಯಾಕೆಯ ಹಿಂದೆ ಹೋದಾಗ ನಮಗೆ ಇಡೀ ಊರಿನ ಕತೆ ಸಿಕ್ಕಿತು. ಅದನ್ನು ಆಮೇಲೆ ಹೇಳುತ್ತೇನೆ.

ಹಳೆಯ ದಾಖಲೆ ಹುಡುಕುವಾಗ ಒಂದು ನೆನಪಿರಲಿ. ಉಡುಪಿಯೂ ಸೇರಿದ್ದ ಅಂದಿನ ದಕ್ಷಿಣ ಕನ್ನಡ ಜಿಲ್ಲೆ 1956ರ ನವೆಂಬರ್ 1ರವರೆಗೆ ಮದ್ರಾಸಿಗೆ ಸೇರಿತ್ತು. ಎಷ್ಟೋ ಶಾಲೆಗಳು ಆಗ ಜಿಲ್ಲಾ ಬೋರ್ಡಿನವು. ಊರವರು ಇಂದಿಗೂ 'ಬೋರ್ಡ್ ಹೈಸ್ಕೂಲು' ಅನ್ನುತ್ತಾರೆ, ನಾಮಫಲಕದ ಮೇಲೆ ಸರ್ಕಾರಿ ಪದವಿಪೂರ್ವ ಕಾಲೇಜು ಅಂತ ಇರುತ್ತದೆ. ಎರಡೂ ಹೆಸರಲ್ಲಿ ಹುಡುಕಿ. ಮಂಗಳೂರು ಪೇಟೆಯ ಶಾಲೆಗಳು ಇನ್ನೂ ಹಳೆಯವು. ಗಣಪತಿ ಹೈಸ್ಕೂಲು 1870ರದ್ದು, ಕೆನರಾ 1891ರದ್ದು, ಬೆಸೆಂಟ್ ಹುಡುಗಿಯರ ಶಾಲೆ 1918ರದ್ದು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್ ಮಂಗಳೂರಿಗೆ ಬಂದದ್ದೇ 1834ರಲ್ಲಿ. ಅವರ ಕಾಲದ ಶಾಲೆಯಾದರೆ ಮಂಗಳೂರು ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಸಂಗ್ರಹದಲ್ಲಿ ವಿಚಾರಿಸಿ. ಮಿಶನ್ನಿನ ಹಳೆ ಫೋಟೋಗಳು ಈಗ ಅಂತರ್ಜಾಲದಲ್ಲೇ ನೋಡಲು ಸಿಗುತ್ತವೆ. ಇನ್ನೊಂದು, ಹಳೆ ಕಟ್ಟಡದ ಹಂಚನ್ನು ತಿರುಗಿಸಿ ನೋಡಿದರೆ 1865 ಅಂತ ಇರಬಹುದು. ಅದು ಮಿಶನ್ನಿನ ಹಂಚಿನ ಕಾರ್ಖಾನೆ ಶುರುವಾದ ವರ್ಷ, ನಿಮ್ಮ ಶಾಲೆ ಕಟ್ಟಿದ ವರ್ಷ ಅಲ್ಲ.

ಇಸವಿ ಹಿಡಿಯುವುದು ಕಷ್ಟದ ಕೆಲಸ. ಎಂಬತ್ತು ದಾಟಿದವರಿಗೆ ಯಾವ ವರ್ಷ ಅಂತ ನೇರ ಕೇಳಿದರೆ ಗಾಬರಿಯಾಗುತ್ತದೆ, ಏನೋ ಒಂದು ಹೇಳಿಬಿಡುತ್ತಾರೆ. ಬೇರೆ ದಾರಿ ಇದೆ. ಅವರು 'ಫೋರ್ತ್ ಫಾರ್ಮ್‌ನಲ್ಲಿದ್ದೆ' ಅಂದರೆ ಅದು ಮದ್ರಾಸಿನ ಲೆಕ್ಕ: ಫಸ್ಟ್ ಫಾರ್ಮ್ ಅಂದರೆ ಆರನೇ ಕ್ಲಾಸು, ಫೋರ್ತ್ ಅಂದರೆ ಒಂಬತ್ತು, ಸಿಕ್ಸ್ತ್ ಅಂದರೆ ಹನ್ನೊಂದು, ಅಲ್ಲಿಗೆ ಎಸ್ಸೆಸ್ಸೆಲ್ಸಿ. ಫೀಸನ್ನು ಆಣೆಯಲ್ಲಿ ಹೇಳಿದರೆ 1957ಕ್ಕೆ ಹಿಂದಿನದ್ದಿರಬಹುದು, ನಯಾಪೈಸೆ ಬಂದದ್ದು ಆ ವರ್ಷ ಏಪ್ರಿಲ್‌ನಲ್ಲಿ. ಉಡುಪಿ ಕಡೆಯವರಿಗೆ ಪರ್ಯಾಯ, ಅಂದರೆ ಕೃಷ್ಣ ಮಠದ ಪೂಜೆಯ ಸರದಿ ಯಾರದ್ದಿತ್ತು ಅಂತ ಕೇಳಿ. ಎಂಟು ಮಠ, ಒಂದೊಂದಕ್ಕೆ ಎರಡು ವರ್ಷ, ಒಂದು ಸುತ್ತಿಗೆ ಹದಿನಾರು ವರ್ಷ. 'ಪೇಜಾವರ ಪರ್ಯಾಯದ ಮೆರವಣಿಗೆ ನೋಡಲು ಶಾಲೆಯಿಂದ ಹೋಗಿದ್ದೆವು' ಅಂದರೆ 1952, 1968 ಅಥವಾ 1984ರ ಜನವರಿ. ಅವರ ವಯಸ್ಸು ನೋಡಿದರೆ ಯಾವುದು ಅಂತ ಗೊತ್ತಾಗಿಯೇ ಆಗುತ್ತದೆ. ಬಂಟ್ವಾಳದವರಿಗೆ 1974ರ ನೆರೆ. ಹಳ್ಳಿಯವರಿಗೆ 'ಡಿಕ್ಲರೇಶನ್' ಕೊಟ್ಟ ವರ್ಷ, ಅಂದರೆ ಭೂಸುಧಾರಣೆ ಕಾಯಿದೆಗೆ ತಿದ್ದುಪಡಿ ಬಂದು ಗೇಣಿ ಒಕ್ಕಲುಗಳು ತಾವು ಉಳುತ್ತಿದ್ದ ಭೂಮಿಗೆ ಅರ್ಜಿ ಹಾಕಿದ 1974ರ ನಂತರದ ಕಾಲ. ಮಂಗಳೂರು ಆಕಾಶವಾಣಿ ಶುರುವಾದದ್ದು 1976. ಧರ್ಮಸ್ಥಳದ ಬಾಹುಬಲಿಯ ಪ್ರತಿಷ್ಠೆ 1982. ಇವುಗಳಿಗೆ ಮೊದಲೋ ಆಮೇಲೋ ಅಂತ ಕೇಳಿದರೆ ಸಾಕು, ಖುಷಿಯಿಂದ ಹೇಳುತ್ತಾರೆ.

ಈಗ ಪ್ರಶ್ನೆ ಕೇಳುವ ವಿಷಯ. 'ಆಗಿನ ಶಾಲೆ ಹೇಗಿತ್ತು?' ಅಂತ ಕೇಳಬೇಡಿ. 'ಚೆನ್ನಾಗಿತ್ತು, ಈಗಿನ ಹಾಗಲ್ಲ' ಅನ್ನುತ್ತಾರೆ, ಮಾತು ಮುಗಿಯಿತು. ಬೆಳಿಗ್ಗೆ ಎದ್ದಲ್ಲಿಂದ ಅವರ ಜೊತೆ ನಡೆಯಬೇಕು. ಎಷ್ಟು ಗಂಟೆಗೆ ಎದ್ದಿರಿ, ದನದ ಹಟ್ಟಿಯ ಕೆಲಸ ಇತ್ತಾ, ಏನು ತಿಂದು ಹೊರಟಿರಿ, ಗದ್ದೆಯ ಹುಣಿಯ (ಬದುವಿನ) ಮೇಲೆ ಬಂದಿರಾ, ತೋಡು ದಾಟಲು ಸಂಕ (ಕಾಲುಸೇತುವೆ) ಇತ್ತಾ, ಕಡವಿನಲ್ಲಿ ದೋಣಿಯವನಿಗೆ ದುಡ್ಡು ಕೊಡಬೇಕಿತ್ತಾ ಅಥವಾ ವರ್ಷಕ್ಕೆ ಭತ್ತ ಕೊಡುತ್ತಿದ್ದಿರಾ, ಒದ್ದೆ ಬಟ್ಟೆಯಲ್ಲೇ ಇಡೀ ದಿನ ಕೂರುತ್ತಿದ್ದಿರಾ. ನಾನು ಒಬ್ಬರು ಅಮ್ಮನ ಹತ್ತಿರ ಕೊಡೆ ಯಾವ ಬಣ್ಣದ್ದು ಅಂತ ಮಾತ್ರ ಕೇಳಿದೆ. 'ಕೊಡೆ ಎಲ್ಲಿತ್ತು ಮಗಾ, ಗೊರಬೆ ಹಾಕಿಕೊಂಡು ಬರುತ್ತಿದ್ದೆ, ಶಾಲೆಯ ಹತ್ತಿರ ಬಂದಾಗ ನಾಚಿಕೆಯಾಗಿ ಅದನ್ನು ಪೊದೆಯಲ್ಲಿ ಇಡುತ್ತಿದ್ದೆ' ಅಂದರು. ಗೊರಬೆ ಅಂದರೆ ಎಲೆ ಹೆಣೆದು ಮಾಡಿದ, ತಲೆ ಬೆನ್ನು ಮುಚ್ಚುವ ಮಳೆಯ ಹೊದಿಕೆ. ಅಲ್ಲಿಂದ ಒಂದೂವರೆ ಗಂಟೆ ಮಾತಾಡಿದರು. ಗೇರುಬೀಜ ಹೆಕ್ಕಿ ಮಾರಿ ಪುಸ್ತಕ ತೆಗೆದುಕೊಂಡದ್ದು, ಮೇಲಿನ ಕ್ಲಾಸಿನವರ ಪುಸ್ತಕ ಅರ್ಧ ಕ್ರಯಕ್ಕೆ ಸಿಗುತ್ತಿದ್ದದ್ದು, ಅದರಲ್ಲಿ ಮೊದಲಿನ ನಾಲ್ಕು ಪುಟ ಯಾವಾಗಲೂ ಇಲ್ಲದಿರುವುದು. ಸಣ್ಣ ವಸ್ತು ಹಿಡಿದರೆ ದೊಡ್ಡ ವಿಷಯ ತಾನಾಗಿ ಬರುತ್ತದೆ.

ಹಬ್ಬ, ಆಚರಣೆಗಳನ್ನು ಕೇಳುವಾಗಲೂ ಹಾಗೇ. ಶಾರದಾ ಪೂಜೆಯ ದಿನ ಅವಲಕ್ಕಿ ಕಲಸಿದ್ದು ಯಾರು, ಪಾತ್ರೆ ಯಾರ ಮನೆಯದ್ದು? ಸ್ಕೂಲ್ ಡೇಗೆ ಚಪ್ಪರದ ತೆಂಗಿನ ಮಡಲು ಯಾರ ತೋಟದಿಂದ ಬಂತು, ಗ್ಯಾಸ್‌ಲೈಟು ಬಾಡಿಗೆಗಾ? ಯಕ್ಷಗಾನದಲ್ಲಿ ಹೆಣ್ಣು ವೇಷ ಹಾಕಿದ ಹುಡುಗ ಯಾರು, ಮರುದಿನ ಕ್ಲಾಸಿನಲ್ಲಿ ಅವನನ್ನು ಏನಂತ ಕರೆದರು? ಕೃಷ್ಣಾಷ್ಟಮಿಯ ಮರುದಿನ, ವಿಟ್ಲಪಿಂಡಿಯ ದಿನ ಹುಲಿವೇಷ ಹಾಕಲು ಹೋದವರಿಗೆ ಹಾಜರಿ ಕೊಡುತ್ತಿದ್ದರಾ? ಹಿಂದಿ ಪ್ರಚಾರ ಸಭೆಯ ಪರೀಕ್ಷೆಗೆ ಯಾವ ಊರಿಗೆ ಹೋಗಬೇಕಿತ್ತು? ಕೈಬರಹದ ಪತ್ರಿಕೆ ಇತ್ತಾ? ಇದ್ದರೆ ಅದನ್ನು ಬಿಡಲೇಬೇಡಿ. ನಮ್ಮ ಶಾಲೆಯದ್ದು ಒಬ್ಬರ ಅಟ್ಟದಲ್ಲಿ ಸಿಕ್ಕಿತು, ಅಂಚು ಒರಲೆ (ಗೆದ್ದಲು) ತಿಂದಿತ್ತು, ನಡುವಿನ ಬರಹ ಹಾಗೇ ಇತ್ತು.

ಮಾತು ಅವರ ಮನೆಮಾತಿನಲ್ಲೇ ಆಗಲಿ. ತುಳು, ಕೊಂಕಣಿ, ಬ್ಯಾರಿ, ಕುಂದಾಪುರ ಕನ್ನಡ, ಯಾವುದಾದರೂ ಸರಿ. ನಮ್ಮ ಕಡೆ ಕನ್ನಡ ಅಂದರೆ ಎಷ್ಟೋ ಜನರಿಗೆ ಶಾಲೆಯ ಭಾಷೆ. ಕನ್ನಡದಲ್ಲಿ ಕೇಳಿದರೆ ಭಾಷಣದ ಹಾಗೆ ಹೇಳುತ್ತಾರೆ, ತುಳುವಿನಲ್ಲಿ ಕೇಳಿದರೆ ಮಾಷ್ಟ್ರು ಹೊಡೆದದ್ದೂ ಬರುತ್ತದೆ.

ಹೊಡೆದದ್ದನ್ನೂ ಬರೆಯಬೇಕು. ಹಳೆಯದೆಲ್ಲ ಚಂದ ಇರಲಿಲ್ಲ. ತುಳು ಮಾತಾಡಿದ್ದಕ್ಕೆ ದಂಡ ಕಟ್ಟಿದವರು, ಬಾವಿಯ ಹಗ್ಗ ಮುಟ್ಟಲು ಬಿಡದೆ ಬೇರೆಯವರು ಎರೆದ ನೀರನ್ನು ಬೊಗಸೆಯಲ್ಲಿ ಕುಡಿದವರು ನಮಗೆ ಸಿಕ್ಕಿದರು. ಇಂಥ ಮಾತು ಬಂದಾಗ ಫೋನ್ ಆಫ್ ಮಾಡಲಾ ಅಂತ ಕೇಳಿ. ಹೊಡೆದ ಮಾಷ್ಟ್ರ ಹೆಸರು ಬೇಡ, ಅವರ ಮಕ್ಕಳು ಮೊಮ್ಮಕ್ಕಳು ಊರಲ್ಲೇ ಇರುತ್ತಾರೆ. ಆದರೆ ನಡೆದದ್ದನ್ನು ಬಿಡಬೇಡಿ. ಅದನ್ನು ಬಿಟ್ಟು ಬರೆದರೆ ಆ ಬೊಗಸೆಯವರು ಪುಸ್ತಕ ಓದಿ ಇದು ನನ್ನ ಶಾಲೆ ಅಲ್ಲ ಅನ್ನುತ್ತಾರೆ.

ರೆಕಾರ್ಡ್ ಮಾಡುವ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ. ಫೋನ್ ಏರ್‌ಪ್ಲೇನ್ ಮೋಡ್‌ನಲ್ಲಿರಲಿ, ಫ್ಯಾನು ನಿಲ್ಲಿಸಿ, ಶುರುವಿನಲ್ಲಿ ತಾರೀಕು ಮತ್ತು ಹೆಸರು ಹೇಳಿ, ಅದೇ ದಿನ ಇನ್ನೊಂದು ಕಡೆ ಕಾಪಿ ಇಡಿ. ಒಂದು ವಾರದೊಳಗೆ ಬರಹಕ್ಕೆ ಇಳಿಸಿ, ಇಲ್ಲದಿದ್ದರೆ ಯಾವ ಗುಡ್ಡೆ, ಯಾವ ಮನೆ ಅಂತ ನಿಮಗೇ ಮರೆತುಹೋಗುತ್ತದೆ.

ಗ್ರೂಪ್ ಫೋಟೋಗಳಿಗೆ ಮಾತ್ರ ಸಮಯ ಕೊಡಿ. ಆಲ್ಬಮ್ಮಿಗೆ ಅಂಟಿಸಿದ್ದನ್ನು ಕೀಳಬೇಡಿ, ಗಾಜಿಗೆ ಅಂಟಿಕೊಂಡದ್ದನ್ನು ಎಳೆಯಲೇಬೇಡಿ, ಹಾಗೇ ಫೋಟೋ ತೆಗೆಯಿರಿ. ಕಿಟಕಿಯ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ. ಬಿಡಿಯಾಗಿ ಸಿಕ್ಕಿದರೆ ಪೇಟೆಯಲ್ಲಿ 600 ಡಿಪಿಐಗೆ ಸ್ಕ್ಯಾನ್ ಮಾಡಿಸಿ, ವಾಟ್ಸಾಪಿನಲ್ಲಿ ಬಂದ ಕಾಪಿ ಅಚ್ಚಿಗೆ ಆಗುವುದಿಲ್ಲ. ಹಿಂದೆ ಏನಾದರೂ ಬರೆಯಬೇಕಿದ್ದರೆ ಮೆತ್ತಗಿನ ಪೆನ್ಸಿಲ್, ಪೆನ್ನು ಬೇಡ. ಒಂದು ದೊಡ್ಡ ಜೆರಾಕ್ಸ್ ತೆಗೆಸಿ ಪ್ರತಿ ತಲೆಗೆ ನಂಬರ್ ಹಾಕಿ, ಅದನ್ನು ಹಿಡಿದುಕೊಂಡು ನಾಲ್ಕೈದು ಮನೆಗೆ ಹೋಗಿ. ಒಬ್ಬರು ಹೇಳಿದ ಹೆಸರನ್ನು ಇನ್ನೊಬ್ಬರು ಒಪ್ಪುವವರೆಗೆ ಪೆನ್ಸಿಲ್‌ನಲ್ಲೇ ಇರಲಿ.

ಹುಡುಗಿಯರನ್ನು ಹುಡುಕುವುದು ಇನ್ನೂ ಕಷ್ಟ. ಮದುವೆಯಾಗಿ ಮುಂಬಯಿಗೋ ಘಟ್ಟದ ಮೇಲಕ್ಕೋ ಹೋಗಿರುತ್ತಾರೆ, ಅಡ್ಡಹೆಸರು ಬದಲಾಗಿರುತ್ತದೆ, ಕೊಂಕಣಿಯವರ ಕೆಲವು ಮನೆಗಳಲ್ಲಿ ಮದುವೆಯ ದಿನ ಹೆಸರೇ ಬದಲಾಗುತ್ತಿತ್ತು. ರಿಜಿಸ್ಟರಿನ ಹೆಸರು ಹಿಡಿದು ಫೇಸ್‌ಬುಕ್ಕಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ತವರುಮನೆಗೆ ಹೋಗಿ, ಅಲ್ಲಿ ಯಾರಾದರೂ ಅತ್ತಿಗೆಗೆ ಗೊತ್ತಿರುತ್ತದೆ.

ಈಗ ಶಾಲೆ ಬಿಟ್ಟವರ ವಿಷಯ. ನಮ್ಮ ಪಟ್ಟಿಯಲ್ಲಿ ಮೊದಲು ಇದ್ದವರೆಲ್ಲ ಎಸ್ಸೆಸ್ಸೆಲ್ಸಿ ಮುಗಿಸಿದವರೇ. ರಿಜಿಸ್ಟರಿನ ಆ ಕಾಲಂ ನೋಡಿದ ಮೇಲೆ ಬೇರೆ ಪಟ್ಟಿ ಮಾಡಿದೆವು. ಹೋದ ಮನೆಗಳಲ್ಲೆಲ್ಲ ನಮ್ಮನ್ನು ಕೂರಿಸಿ ಚಾ ಕೊಟ್ಟರು, 'ನಾನು ಶಾಲೆ ಮುಗಿಸಿಲ್ಲವಲ್ಲ, ನನ್ನನ್ನು ಯಾಕೆ ಕೇಳುತ್ತೀರಿ' ಅಂದರು. ಫೀಸು ಕಟ್ಟಲಾಗದೆ ಬಸ್ಸು ಹತ್ತಿ ಮುಂಬಯಿಯ ಹೋಟೆಲಿಗೆ ಸೇರಿ, ಅಲ್ಲಿ ಕನ್ನಡ ರಾತ್ರಿ ಶಾಲೆಯಲ್ಲಿ ಮೆಟ್ರಿಕ್ ಮಾಡಿದವರು ಒಬ್ಬರು. ನೇಜಿ ಕೆಲಸಕ್ಕೆ (ಭತ್ತದ ಸಸಿಯ ನಾಟಿಗೆ) ಅಂತ ಹದಿನೈದು ದಿನ ಮನೆಯಲ್ಲಿ ಉಳಿದು ಮತ್ತೆ ಬರಲೇ ಇಲ್ಲ ಒಬ್ಬರು. ಅಕ್ಕನ ಬಾಣಂತನಕ್ಕೆ ನಿಂತವರು ಇಬ್ಬರು. ಬೆಳಿಗ್ಗೆ ಸಂಜೆ ಬೀಡಿ ಕಟ್ಟಿ ತನ್ನ ಫೀಸನ್ನು ತಾನೇ ಕಟ್ಟುತ್ತಿದ್ದ ಅಕ್ಕ ಒಬ್ಬರು, ತಮ್ಮನೂ ಹೈಸ್ಕೂಲಿಗೆ ಬಂದ ವರ್ಷ ಒಂಬತ್ತನೇ ಕ್ಲಾಸಿಗೆ ನಿಲ್ಲಿಸಿದರು. ಎರಡು ಫೀಸಿಗೆ ಬೀಡಿ ಸಾಕಾಗಲಿಲ್ಲ. ತಮ್ಮನ ಹೆಸರು ಸಂಚಿಕೆಯಲ್ಲಿ ರ್‍ಯಾಂಕಿನ ಪುಟದಲ್ಲಿತ್ತು.

ಇದನ್ನು ನೀವೂ ಮಾಡಿ. ಹತ್ತನೇ ಕ್ಲಾಸಿನ ಗ್ರೂಪ್ ಫೋಟೋ ಅಚ್ಚು ಮಾಡುವಾಗ ಎಡದಿಂದ ಬಲಕ್ಕೆ ಹೆಸರು ಹಾಕಿದ ಮೇಲೆ ಇನ್ನೊಂದು ಸಾಲು ಸೇರಿಸಿ: 'ಈ ಫೋಟೋ ತೆಗೆಯುವ ಹೊತ್ತಿಗೆ ಶಾಲೆ ಬಿಟ್ಟಿದ್ದವರು.' ಅದರ ಮುಂದೆ ಅವರ ಹೆಸರುಗಳು, ಅವರ ಒಪ್ಪಿಗೆ ಇದ್ದರೆ. ಒಪ್ಪಿಗೆ ಕೇಳಲು ಹೋಗುವಾಗ ಅವರು ಹೇಳಿದ್ದನ್ನು ಬರೆದುಕೊಂಡು ಹೋಗಿ ಜೋರಾಗಿ ಓದಿ ಹೇಳಿ. ಎಲ್ಲರೂ ಏನಾದರೂ ತಿದ್ದುತ್ತಾರೆ, ಆ ತಿದ್ದುಪಡಿಗಳೇ ಒಳ್ಳೆಯ ಭಾಗ. ಬೀಡಿ ಕಟ್ಟಿದ ಅಕ್ಕ ಪೂರ್ತಿ ಕೇಳಿದರು, ಹೆಸರು ಹಾಕಿ ಅಂದರು. ಆಮೇಲೆ ಫೋಟೋ ಹತ್ತಿರಕ್ಕೆ ತಂದು, ಎರಡನೇ ಸಾಲಿನ ಮೂರನೆಯವಳನ್ನು ತೋರಿಸಿ, 'ಇವಳ ಹೆಸರು ತಪ್ಪು ಬರೆದಿದ್ದೀರಿ, ನಾನು ಅವಳ ಪಕ್ಕದಲ್ಲೇ ಕೂರುತ್ತಿದ್ದದ್ದು' ಅಂತ ಸರಿ ಹೆಸರು ಹೇಳಿದರು.